ಟಿವಿಯೊಳಗಿನ ಹೆಣ ಎತ್ತುವವರೆಗೆ

ಆ ವಾರದ ನನ್ನ ದಿನಚರಿಯಲ್ಲಿ ಅತ್ತೆಯ ಬಗ್ಗೆ ಒಂದು ಸಾಲೂ ಇಲ್ಲ. ಹುಡುಕಿ ನೋಡಿದೆ. ಉತ್ತರದ ಯಾವುದೋ ಊರಿನಲ್ಲಿ ಕುಸಿದುಬಿದ್ದ ಕಟ್ಟಡದ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ. ಬೆಳಿಗ್ಗೆ ಎಷ್ಟು ಜನ ಸತ್ತಿದ್ದರು, ಮಧ್ಯಾಹ್ನಕ್ಕೆ ಎಷ್ಟಾದರು, ಸಂಜೆ ಮಂತ್ರಿ ಬಂದಾಗ ಜನ ಹೇಗೆ ಕೂಗಿದರು, ಎಲ್ಲವೂ ಇದೆ. ಆ ಊರಿನಲ್ಲಿ ನನ್ನವರು ಯಾರೂ ಇರಲಿಲ್ಲ. ಆ ಊರಿಗೆ ನಾನು ಹೋದವಳೂ ಅಲ್ಲ. ನಾನಿದ್ದ ಮನೆಯಲ್ಲೇ ಒಬ್ಬ ಹೆಂಗಸು ಊಟ ಬಿಟ್ಟು ಕೂತಿದ್ದಳು, ಅದು ಮಾತ್ರ ಇಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ನೆನಪಿನಿಂದ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ನನ್ನ ಪರ ವಾದಿಸುವುದನ್ನು ಹಲವು ಸಲ ಹಿಡಿದಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಿಂದ ದೊಮ್ಮಲೂರಿಗೆ ಸೊಸೆಯಾಗಿ ಬಂದೆ. ಗಂಡ ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆ ಓದಿದವನು. ಅವನ ಮನೆಯವರು ದೊಮ್ಮಲೂರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲ ಬಡಾವಣೆಯೊಳಗೆ ಸೇರಿಹೋಗಿತ್ತು. ಹೆಂಚಿನ ಮನೆಯ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದು, ಮೇಲಿನ ಎರಡರಲ್ಲಿ ಬಾಡಿಗೆಯವರಿದ್ದರು. ಗಂಡ ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದ. ನಾನು ಶಿವಾಜಿನಗರದ ಹತ್ತಿರ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾವು ಮೂವರೇ.

ಮದುವೆಯಾಗಿ ಎರಡೋ ಮೂರೋ ತಿಂಗಳಾಗಿತ್ತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕರು ತೀರಿಹೋದರು. ನಾನು ಉಪ್ಪಿಟ್ಟು ಮಾಡಲು ಗ್ಯಾಸ್ ಹಚ್ಚಿದ್ದೆ. ಅತ್ತೆ ಬಂದು ಅದನ್ನು ಆರಿಸಿದರು.

“ಅವ್ರು ನಮ್ಮವರೇನ್ರಿ ಅತ್ತಿ?” ಎಂದೆ.

“ನಮ್ಮೋರಲ್ಲ. ಬೀದಿಯೋರು.”

“ಮತ್ಯಾಕ್ರಿ ಒಲಿ ಹಚ್ಚಬಾರದು?”

“ಅಲ್ಲಿ ಹೆಣ ಮಲಗೈತೆ, ಇಲ್ಲಿ ಒಗ್ಗರಣೆ ಘಮ್ ಅಂದ್ರೆ ಚೆಂದಾನಾ? ಎತ್ಲಿ, ಆಮ್ಯಾಕೆ ಹಚ್ಚುವಂತೆ. ಎಂಎ ಓದಿದೋಳು, ಇಷ್ಟೊತ್ತು ಹಸ್ವು ತಡ್ಯಕ್ಕಾಗಲ್ವಾ?”

ಹೆಣ ಎತ್ತಿದ್ದು ಮೂರು ಗಂಟೆಗೆ, ದೂರದ ಊರಿನಿಂದ ಮಗ ಬಂದ ಮೇಲೆ. ಬೀದಿಯ ಯಾವ ಮನೆಯಲ್ಲೂ ಅಲ್ಲಿಯವರೆಗೆ ಒಲೆ ಉರಿಯಲಿಲ್ಲ. ಹೆಣ ತಿರುವು ದಾಟಿದ್ದೇ ತಡ, ಅತ್ತೆ ಬಾಗಿಲಿಗೆ ನೀರು ಹಾಕಿ, ಕಾಲು ತೊಳೆದು ಒಳಗೆ ಬಂದು, ಅರ್ಧ ಗಂಟೆಯಲ್ಲಿ ಮುದ್ದೆ ತಿರುವಿ ಮೊದಲ ತಟ್ಟೆ ನನಗೆ ಕೊಟ್ಟರು. “ಉಣ್ಣು, ಪಾಪ. ರೊಟ್ಟಿ ದೇಶದೋಳು ಬಾಡೋಗವ್ಳೆ.” ಈ ಪದ್ಧತಿಯನ್ನು ನಾನು ಆಮೇಲೆ ಎಷ್ಟೋ ವರ್ಷ ತರಗತಿಯಲ್ಲಿ ಉದಾಹರಣೆಯಾಗಿ ಬಳಸಿದೆ. ಸಾವು ಒಂದು ಮನೆಗೆ ಬಂದರೂ ಹಸಿವನ್ನು ಇಡೀ ಬೀದಿ ಹಂಚಿಕೊಳ್ಳುತ್ತದೆ ಎಂದು ಹೇಳುತ್ತಿದ್ದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಚೆನ್ನಾಗಿ ಹೇಳುತ್ತಿದ್ದೇನೆ ಎಂದು ನನಗೂ ಅನಿಸುತ್ತಿತ್ತು.

ಟಿವಿ ಇದ್ದದ್ದು ಹಾಲಿನಲ್ಲಿ, ಅಡುಗೆಮನೆಯ ಬಾಗಿಲಿಗೆ ನೇರ ಎದುರು. ತರಕಾರಿ ಹೆಚ್ಚುತ್ತ ಅತ್ತೆಗೆ ಧಾರಾವಾಹಿ ಕಾಣಲಿ ಎಂದು ಗಂಡ ಹಾಗೆ ಇಟ್ಟಿದ್ದ. ಅತ್ತೆ ಧಾರಾವಾಹಿಯ ಅತ್ತೆಯರನ್ನು ಬೈಯುತ್ತಿದ್ದರು, ಸೊಸೆಯರಿಗೆ ಬುದ್ಧಿ ಹೇಳುತ್ತಿದ್ದರು. ಕಥೆ ಯಾವುದು, ಬದುಕು ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ತಿಳಿದರೆ ತಪ್ಪು. ಧಾರಾವಾಹಿಯಲ್ಲಿ ಯಾರಾದರೂ ಸತ್ತರೆ ಅವರು ಒಗ್ಗರಣೆ ನಿಲ್ಲಿಸುತ್ತಿರಲಿಲ್ಲ. “ಸಂಬಳ ಜಾಸ್ತಿ ಕೇಳವ್ರೆ, ಅದಕ್ಕೇ ಸಾಯ್ಸವ್ರೆ” ಎಂದು ನಗುತ್ತಿದ್ದರು.

ಎರಡು ಸಾವಿರ ದಾಟಿದ ಕೆಲವು ವರ್ಷಕ್ಕೆ ಇಪ್ಪತ್ನಾಲ್ಕು ಗಂಟೆಯ ಸುದ್ದಿ ವಾಹಿನಿಗಳು ಮನೆಗೆ ಬಂದವು. ಬಂದವು ಎಂದು ಬರೆಯುವುದು ಸುಲಭ. ನಾನು ತಂದುಕೊಂಡೆ. ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲು ಟಿವಿ ಹಾಕುತ್ತಿದ್ದೆ. ಎಲ್ಲೋ ಬೆಂಕಿ, ಎಲ್ಲೋ ಬಸ್ಸು, ಎಲ್ಲೋ ಬಾಂಬು. ನೋಡುತ್ತಿದ್ದಂತೆ ಭುಜ ಬಿಗಿಯುತ್ತಿತ್ತು. ಆದರೂ ಏಳುತ್ತಿರಲಿಲ್ಲ. ಏನೂ ಆಗದ ದಿನ ಇನ್ನೂ ಕಷ್ಟ, ಏನೋ ಆಗಲಿದೆ ಅನ್ನಿಸುತ್ತಿತ್ತು. ಗಂಡ ಬರುವುದು ಹತ್ತು ನಿಮಿಷ ತಡವಾದರೆ ಟಿನ್ ಫ್ಯಾಕ್ಟರಿ ಸ್ಟಾಪಿನ ಬಳಿ ಅವನ ಬಸ್ಸು ಮಗುಚಿ ಬಿದ್ದಿರುವುದು ನನಗೆ ಕಣ್ಣೆದುರೇ ಕಾಣುತ್ತಿತ್ತು, ಕೆಳಗೆ ಓಡುವ ಅಕ್ಷರಗಳ ಸಮೇತ. ಇದನ್ನೆಲ್ಲ ನಾನು ಲೋಕದ ಬಗೆಗಿನ ಕಾಳಜಿ ಎಂದು ಕರೆದುಕೊಂಡಿದ್ದೆ. ಓದಿದವಳಲ್ಲವೇ, ಒಳ್ಳೆಯ ಪದ ಸಿಗುತ್ತಿತ್ತು.

ಕಟ್ಟಡ ಕುಸಿದದ್ದು ಒಂದು ಭಾನುವಾರ ಬೆಳಿಗ್ಗೆ. ಗಂಡ ಮನೆಯಲ್ಲಿದ್ದ. ಅತ್ತೆ ಹಾಲಿನಲ್ಲಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಟಿವಿಯಲ್ಲಿ ರಸ್ತೆಯ ಮೇಲೆ ಸಾಲಾಗಿ ಮಲಗಿಸಿದ ಮೂರು ಹೆಣ, ಮೇಲೆ ನೀಲಿ ಟಾರ್ಪಾಲು. ಟಾರ್ಪಾಲು ಸಾಲದೆ ಒಂದು ಹೆಂಗಸಿನ ಪಾದ ಹೊರಗೆ ಉಳಿದಿತ್ತು. ಕಾಲುಂಗುರವಿತ್ತು. ಕ್ಯಾಮೆರಾದವನಿಗೆ ಅದು ಬೇಕಾಗಿತ್ತು; ಹತ್ತಿರ ಹೋದ, ನಿಂತ, ಹಿಂದೆ ಬಂದ, ಮತ್ತೆ ಹತ್ತಿರ ಹೋದ. ಡೋಲು ಬಡಿದಂಥ ಸಂಗೀತ ಹಾಕಿದ್ದರು. ಒಂದು ಮೂಲೆಯಲ್ಲಿ ‘ನೇರ ಪ್ರಸಾರ’ ಎಂದಿತ್ತು.

“ಅಯ್ಯೋ, ಮುತ್ತೈದೆ ಕಣೋ. ಆ ಕಾಲು ಮುಚ್ಚೋಕೆ ಒಬ್ರೂ ಇಲ್ವಾ ಅಲ್ಲಿ?” ಎಂದು ಅತ್ತೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಹೋದ ನನಗೆ ಕಂಡದ್ದು ಆರಿದ ಗ್ಯಾಸ್, ಅರೆಬೆಂದ ಬೇಳೆ.

“ಯಾರು ಆರಿಸಿದ್ರು?”

“ನಾನೇ. ಎತ್ಲಿ, ಆಮ್ಯಾಕೆ ಹಚ್ಚಿದ್ರಾಯ್ತು.”

ಗಂಡ ಹಾಲಿನಿಂದಲೇ ನಕ್ಕ. “ಅಮ್ಮಾ, ಅದು ಇಲ್ಲಿಂದ ಎರಡು ದಿನ ರೈಲಿನ ದಾರಿ. ಅವರು ಎತ್ತೋವರ್ಗೂ ನಾವ್ ಕಾಯ್ತಾ ಕೂತ್ರೆ ನಮ್ಮನ್ನೂ ಎತ್ಬೇಕಾಗುತ್ತೆ!”

“ದೂರ ಎಲ್ಲೋ? ಅಲ್ಲೇ ಮಲಗ್ಸವ್ರಲ್ಲ” ಎಂದು ಅತ್ತೆ ಟಿವಿಯ ಕಡೆ ಕೈ ತೋರಿಸಿದರು.

ಅವರು ತೋರಿಸಿದ್ದು ಸರಿಯಾಗೇ ಇತ್ತು. ಅಡುಗೆಮನೆಯ ಬಾಗಿಲಿನಿಂದ ಹತ್ತು ಹೆಜ್ಜೆ. ಬೀದಿಯ ಕೊನೆಯ ಮನೆಗಿಂತ ಹತ್ತಿರ.

ನಾನು ಗ್ಯಾಸ್ ಹಚ್ಚಿದೆ. ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಪಾದವನ್ನು ನೋಡುತ್ತ ಉಂಡೆವು. ಬಡಿಸಿದ್ದು ಅತ್ತೆಯೇ. “ನೀವು?” ಎಂದದ್ದಕ್ಕೆ “ಆಮ್ಯಾಕೆ” ಎಂದರು. ಮಧ್ಯಾಹ್ನ ಮೂರಕ್ಕೂ, ಸಂಜೆ ಆರಕ್ಕೂ ಅದೇ ಪಾದ ಬರುತ್ತಲೇ ಇತ್ತು. ಆಗ ನಾನು ಪಾಠ ಮಾಡುವವಳ ತಾಳ್ಮೆಯಿಂದ ಹೇಳಿದೆ: “ಅತ್ತಿ, ಇದು ಮುಂಜಾನಿದ್ರಿ. ಅದನ್ನ ಮತ್ತ ಮತ್ತ ತೋರಸ್ತಾರ. ಇಷ್ಟೊತ್ತಿಗೆ ಎತ್ತಿರ್ತಾರ್ರಿ.”

“ಎತ್ತಿದ್ದ ನೀನ್ ನೋಡಿದ್ಯಾ?”

“ನೋಡಿಲ್ರಿ.”

“ಮತ್ತೆ? ಆ ಮೂಲೇಲಿ ಅದೇನ್ ಬರ್ದವ್ರೆ?”

ಅತ್ತೆಗೆ ಓದು ಬರುತ್ತಿರಲಿಲ್ಲ. ಓದಿ ಹೇಳಿದೆ: “ನೇರ ಪ್ರಸಾರ.”

“ಅಂಗಂದ್ರೆ?”

“ಈಗ ನಡ್ಯಾಕತ್ತಿದ್ದು ಅಂತ...” ಎಂದು ನಿಲ್ಲಿಸಿದೆ.

“ಅಂಗಂತ ಅವ್ರೇ ಬರ್ದವ್ರಲ್ಲ” ಎಂದು ಅತ್ತೆ ಒಳಗೆ ಹೋದರು. ಮಾತು ಮುಗಿಯಿತು. ಅಲ್ಲಿ ಸುಳ್ಳು ಬರೆದಿದ್ದಾರೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಹೊತ್ತು ನಾನೂ ಅದನ್ನು ನಂಬಿ ಕೂತಿದ್ದೆನೋ ಏನೋ. ಹೊಸ ಸುದ್ದಿ ಬಂದಾಗ ಎದ್ದು ಹೋಗಿದ್ದರೆ ತಪ್ಪಿಹೋದೀತು ಎಂಬ ಆತಂಕ ಎಂಟು ಗಂಟೆ ಹಳೆಯದಾದ ದೃಶ್ಯದ ಮುಂದೆಯೂ ಇತ್ತು.

ಆ ದಿನ ಅತ್ತೆ ಉಂಡಿರಲಿಲ್ಲ ಎಂಬುದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎನ್ನುತ್ತದೆ ನೆನಪು. ತೊಳೆದು ಬೋರಲು ಹಾಕಿದ ಅವರ ತಟ್ಟೆ ನೋಡಿ ಉಂಡಿದ್ದಾರೆ ಎಂದುಕೊಂಡೆನಂತೆ. ಆದರೆ ಮುಟ್ಟದ ತಟ್ಟೆಯೂ ಬೋರಲೇ ಇರುತ್ತದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಿದ್ದರೆ ತಿಳಿಯುತ್ತಿತ್ತು. ಮುಚ್ಚಳ ತೆಗೆಯಲು ಟಿವಿಯ ಮುಂದಿನಿಂದ ಏಳಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಟಿವಿ ಹಾಕಿದ್ದು ಗಂಡ ಎಂದು ಎಷ್ಟೋ ವರ್ಷ ನಂಬಿದ್ದೆ. ಜಗಳದಲ್ಲಿ ಅವನಿಗೆ ಹಾಗೇ ಹೇಳಿದ್ದೂ ಉಂಟು. ದಿನಚರಿ ಬೇರೆ ಹೇಳುತ್ತದೆ, ನನ್ನದೇ ಅಕ್ಷರದಲ್ಲಿ: “ಆರಕ್ಕೆ ಎದ್ದು ಟಿವಿ ಹಾಕಿದೆ. ಸಂಖ್ಯೆ ಏರಿದೆ.” ಅತ್ತೆಗೆ ಸಕ್ಕರೆ ಕಾಯಿಲೆಯಿತ್ತು. ತಿಂಡಿಗೆ ಅರ್ಧ ಗಂಟೆ ಮೊದಲು ಒಂದು ಮಾತ್ರೆ. ದಿನಾ ಅದನ್ನು ಅವರ ಅಂಗೈಗೆ ಹಾಕುವುದು ನನ್ನ ಕೆಲಸ. ಅಂದೂ ಹಾಕಿದೆ. ಅವರು ನುಂಗಿದರು. ಇಡ್ಲಿಯನ್ನು ಮುಚ್ಚಿಟ್ಟು ಬ್ಯಾಗು ಹೆಗಲಿಗೇರಿಸುತ್ತ “ತಿನ್ರಿ ಅತ್ತಿ” ಎಂದೆ. “ನೀನ್ ಓಗು, ಬಸ್ ತಪ್ತದೆ” ಎಂದರು. ಟಿವಿ ಆರಿಸದೆ ಹೊರಟೆ.

ಹನ್ನೊಂದರ ಹೊತ್ತಿಗೆ ಕಾಲೇಜಿನ ಆಫೀಸಿಗೆ ಫೋನು ಬಂತು. ಮೇಲಿನ ಮನೆಯ ಬಾಡಿಗೆಯ ಹೆಂಗಸು, ಹಲಸೂರಿನಲ್ಲಿ ಹುಟ್ಟಿ ಬೆಳೆದ ತಮಿಳಿನವಳು. “ಮೇಡಂ, ಅಮ್ಮ ಕೀಳೆ ಬಿದ್ದುಬಿಟ್ಟವ್ರೆ. ಮೈಯೆಲ್ಲಾ ಬೆವರು. ಏನೇನೋ ಮಾತಾಡ್ತಾವ್ರೆ. ನಾನು ಸಕ್ರೆ ತುಟಿಗೆ ಇಟ್ಟಿದೀನಿ. ಸೀಕ್ರಂ ಬನ್ನಿ ಮೇಡಂ.” ನೀರು ಕೇಳಿಕೊಂಡು ಕೆಳಗೆ ಬಂದವಳು ನೋಡಿದ್ದಳು. ಆಟೋ ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ತಲೆಯಲ್ಲಿ ಅತ್ತೆ ಇರಲಿಲ್ಲ. ಆ ನೀಲಿ ಟಾರ್ಪಾಲು ಇತ್ತು. ಅದು ಆಘಾತದಿಂದ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಇರಬಹುದು.

ಮನೆಗೆ ಬಂದಾಗ ಟಿವಿ ಇನ್ನೂ ನಡೆಯುತ್ತಿತ್ತು. ಇಡ್ಲಿಯ ಮುಚ್ಚಳ ಮುಚ್ಚಿದಂತೆಯೇ ಇತ್ತು.

ಇಂದಿರಾನಗರದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಡ್ರಿಪ್ಪು ಹಾಕಿದ ವೈದ್ಯರು ಕೇಳಿದರು: “ಯಾವಾಗಿಂದ ಊಟ ಮಾಡಿಲ್ಲ?” ಕಾರ್ಖಾನೆಯಿಂದ ಓಡಿಬಂದ ಗಂಡ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. “ಮಾತ್ರೆ ಕೊಟ್ಟಿದ್ದು ಯಾರ್ರೀ? ಖಾಲಿ ಹೊಟ್ಟೆಗೆ ಮಾತ್ರೆ ಕೊಟ್ಟು ಹೋದ್ರೆ ಇನ್ನೇನಾಗುತ್ತೆ? ಇನ್ನೊಂದು ಗಂಟೆ ಹೀಗೇ ಬಿದ್ದಿದ್ರೆ ಕಷ್ಟ ಇತ್ತು.” ಅವರ ಕೋಣೆಯ ಹೊರಗೆ, ಕಾಯುವ ಜನರ ಎದುರು, ಗೋಡೆಗೆ ಒಂದು ಟಿವಿ ತಗುಲಿಸಿದ್ದರು. ಅದರಲ್ಲೂ ಅದೇ. ಕಾಯುವ ರೋಗಿಗಳೆಲ್ಲ ಅದನ್ನೇ ನೋಡುತ್ತಿದ್ದರು. ನರ್ಸು ರಕ್ತದೊತ್ತಡ ನೋಡಲು ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು.

ಮೂರು ದಿನಕ್ಕೆ ಅತ್ತೆ ಮನೆಗೆ ಬಂದರು. ದೇಹ ಬಂತು ಎನ್ನಬೇಕು. ಊಟಕ್ಕೆ ಕೂತರೆ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಕೇಳುತ್ತಿದ್ದರು: “ಎತ್ತಿದ್ರೇನಮ್ಮಾ?”

“ಎತ್ತ್ಯಾರ್ರಿ.”

“ಯಾವಾಗ?”

“ಅವತ್ತ ಎತ್ತ್ಯಾರ್ರಿ. ಉಣ್ರಿ.”

ಎರಡು ತುತ್ತು ತಿನ್ನುತ್ತಿದ್ದರು. ಮೂರನೆಯದಕ್ಕೆ ಕೈ ನಿಲ್ಲುತ್ತಿತ್ತು. ಮಾತ್ರೆಯನ್ನು ಈಗ ತುತ್ತು ಎಣಿಸಿ ಕೊಡಬೇಕಾಗಿತ್ತು. ಒಂದು ತಿಂಗಳಲ್ಲಿ ರವಿಕೆಯ ತೋಳು ಜೋಲತೊಡಗಿತು. ಯಾರ ಮನೆಯಿಂದಲಾದರೂ ಸುದ್ದಿ ಓದುವವರ ಗಟ್ಟಿ ದನಿ ಕೇಳಿದರೆ ಬೆಚ್ಚುತ್ತಿದ್ದರು, ಬೆರಳು ಸೆರಗನ್ನು ಸುತ್ತುತ್ತಿತ್ತು. ಹೀಗೇ ಆದರೆ ಹೆಚ್ಚು ದಿನ ಉಳಿಯಲಾರರು ಎಂದು ವೈದ್ಯರು ಸೂಚ್ಯವಾಗಿ ಹೇಳಿದರು. ನಿದ್ದೆಯ ಮಾತ್ರೆ ಬರೆದುಕೊಟ್ಟು, ವಯಸ್ಸಾಯ್ತು ಎಂದರು.

ಮನಸ್ಸಿನ ವೈದ್ಯರಿಗೆ ತೋರಿಸೋಣ ಎಂದೆ. ಗಂಡ ಸಿಡಿದ. “ನಮ್ಮಮ್ಮನಿಗೆ ಹುಚ್ಚು ಅಂತೀಯಾ?”

“ಹುಚ್ಚು ಅಂದಿಲ್ಲ. ಅಂಜ್ಯಾರ ಅಂದೆ.”

“ಟಿವಿ ನೋಡಿ ಯಾರಿಗಾದ್ರೂ ಕಾಯಿಲೆ ಬರುತ್ತಾ? ನೀನೂ ನೋಡ್ದೆ, ನಾನೂ ನೋಡ್ದೆ. ನಮಗೇನಾಯ್ತು?”

ಆ ಪ್ರಶ್ನೆಗೆ ನಾನು ಇವತ್ತಿಗೂ ಉತ್ತರ ಹುಡುಕುತ್ತಿದ್ದೇನೆ. ನಮಗೇನಾಯಿತು? ಹೆಣ ನೋಡುತ್ತ ಅನ್ನ ಉಣ್ಣಲು ಬಂತು. ಅದನ್ನು ಕಾಯಿಲೆಯ ಪಟ್ಟಿಯಲ್ಲಿ ಯಾರೂ ಸೇರಿಸಿಲ್ಲ.

ಕೇಬಲ್ ತೆಗೆಸಲು ಹೊರಟೆ. ಕೇಬಲ್ ನಡೆಸುತ್ತಿದ್ದವನು ಅದೇ ಬೀದಿಯವನು, ಗಂಡನಿಗೆ ದೂರದ ನೆಂಟ. “ಅಕ್ಕಾ, ಕ್ರಿಕೆಟ್ ಸೀರೀಸ್ ನಡೀತೈತೆ, ಈಗ ಕಟ್ ಮಾಡಿದ್ರೆ ಅಣ್ಣ ನನ್ನೇ ಕಟ್ ಮಾಡ್ತಾರೆ” ಎಂದ. “ನ್ಯೂಸ್ ಬ್ಯಾಡ ಅಂದ್ರೆ ನೋಡ್ಬೇಡಿ, ಅಷ್ಟೇ ತಾನೇ?” ಅಷ್ಟೇ. ಟಿವಿಯನ್ನು ಹಾಲಿನಿಂದ ತೆಗೆದು ನಮ್ಮ ಕೋಣೆಯಲ್ಲಿಟ್ಟೆವು. ಬಾಗಿಲು ಹಾಕಿಕೊಂಡು, ಸದ್ದು ಸಣ್ಣ ಮಾಡಿ ನಾನು ನೋಡುತ್ತಿದ್ದೆ. ಹೌದು, ಆಗಲೂ. ಇದನ್ನು ಬಿಟ್ಟು ಬರೆದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಒಂದು ಮಧ್ಯಾಹ್ನ, ಕಾಲೇಜಿಗೆ ರಜೆಯಿತ್ತು, ಅತ್ತೆಗೆ ಮುದ್ದೆ ಹಾಕಿಕೊಟ್ಟೆ. ಮಾಮೂಲಿ ಪ್ರಶ್ನೆ ಬಂತು. ಮಾಮೂಲಿ ಉತ್ತರ ಕೊಟ್ಟೆ. ಅವತ್ತು ಅವರು ಬಿಡಲಿಲ್ಲ.

“ಯಾರು ಎತ್ತಿದ್ರು?”

 ಎರಡು ದಿನ ಆ ಪಾದವನ್ನು ನೋಡಿದ್ದೆ. ಅದರ ಹಿಮ್ಮಡಿಯ ಬಿರುಕು ಕೂಡ ಗೊತ್ತಿತ್ತು. ಆಕೆ ಯಾರು, ಗಂಡ ಬದುಕಿದ್ದನೇ, ಯಾರು ಬಂದು ಗುರುತಿಸಿದರು, ಎಲ್ಲಿ ಸುಟ್ಟರು ಅಥವಾ ಹೂಳಿದರು, ಒಂದೂ ಗೊತ್ತಿರಲಿಲ್ಲ. ಯಾವ ವಾಹಿನಿಯೂ ಹೇಳಿರಲಿಲ್ಲ. ಮೂರನೆಯ ದಿನ ಬೇರೆ ಸುದ್ದಿ ಬಂದಿತ್ತು. ನಾನೂ ಬೇರೆ ಸುದ್ದಿಗೆ ಹೋಗಿದ್ದೆ. ಅತ್ತೆ ಕೇಳಿದ್ದರಲ್ಲಿ ಒಂದನ್ನಾದರೂ ಕೇಳಬೇಕು ಎಂದು ನನಗೆ ಹೊಳೆದಿರಲಿಲ್ಲ.

“ಆಕಿ ಅಣ್ಣತಮ್ಮಂದಿರು ಬಂದ್ರಿ” ಎಂದೆ.

“ಎಷ್ಟ್ ಜನ?”

“ಇಬ್ಬರು. ಹಳ್ಳಿಂದ ಬಂದ್ರು. ಅದಕ್ಕ ತಡ ಆತು.”

ಅತ್ತೆ ತಲೆಯಾಡಿಸಿದರು. ತಡವಾದದ್ದಕ್ಕೆ ಕಾರಣ ಸಿಕ್ಕಿತ್ತು. “ಸೀರೆ ಒದ್ಸಿದ್ರಾ?”

“ತವರಿನ ಸೀರಿ. ಹಸಿರುದು. ಅರಿಷಿಣ ಕುಂಕುಮ ಹಚ್ಚಿ ಹೂವು ಮುಡಿಸಿದ್ರು. ಕಾಲಿನ ತನಕಾ ಪೂರ್ತಿ ಮುಚ್ಚಿದ್ರಿ.”

ಹೇಳುತ್ತ ಹೋದೆ. ಯಾರು ಹೆಗಲು ಕೊಟ್ಟರು, ದಾರಿಯಲ್ಲಿ ಯಾರು ಪುರಿ ಎರಚಿದರು, ಬೀದಿಯವರು ಬಾಗಿಲಿಗೆ ನೀರು ಹಾಕಿದ್ದು. ಎಲ್ಲ ದೊಮ್ಮಲೂರಿನದೇ, ಆ ಊರಿನ ಪದ್ಧತಿ ನನಗೇನು ಗೊತ್ತು? ಆಕೆಯ ಧರ್ಮ ಯಾವುದೆಂಬುದೂ ಗೊತ್ತಿಲ್ಲದೆ ಒಂದು ಶವಸಂಸ್ಕಾರವನ್ನು ಪೂರ್ತಿ ಕಟ್ಟಿದೆ. ಅತ್ತೆ ಕೇಳುತ್ತ ಕೇಳುತ್ತ ಮುದ್ದೆ ಮುರಿದರು, ಸಾರಿಗೆ ಅದ್ದಿದರು, ನುಂಗಿದರು. ತಟ್ಟೆ ಖಾಲಿಯಾಯಿತು. ತಿಂಗಳ ಮೇಲೆ ಅವರು ಪೂರ್ತಿ ಉಂಡದ್ದು ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಗೆದ್ದೆ ಅನ್ನಿಸಿತ್ತು ಎಂದರೆ ಅದೂ ನಿಜವೇ.

ಕೈ ತೊಳೆಯುತ್ತ ಅವರು ಕೇಳಿದರು, “ಮಕ್ಕಳಿದ್ವಾ ಅವ್ಳಿಗೆ?”

ಇಲ್ಲ ಎನ್ನಬೇಕಿತ್ತು. ಕಥೆ ಹೇಳುವ ಹುರುಪಿನಲ್ಲಿದ್ದೆ. “ಒಂದು ಹೆಣ್ಣುಮಗು ಐತ್ರಿ. ಸಣ್ಣದು. ಬದುಕೇತಿ” ಎಂದೆ. ಬದುಕಿದೆ ಎಂದರೆ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

ಸಂಜೆ ತಟ್ಟೆ ಇಟ್ಟಾಗ ಎತ್ತಿದ್ರಾ ಎಂದು ಕೇಳಲಿಲ್ಲ. ಮತ್ತೆಂದೂ ಕೇಳಲಿಲ್ಲ. ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಕೇಳಿದರು: “ಆ ಮಗು ಉಣ್ತಾ?”

ಅಲ್ಲಿಂದ ಎರಡು ವರ್ಷ, ಅತ್ತೆ ಇರುವವರೆಗೆ, ದಿನಕ್ಕೆ ಮೂರು ಹೊತ್ತು ಅದೇ ಪ್ರಶ್ನೆ. ಹುಟ್ಟದೇ ಇದ್ದ ಆ ಮಗುವಿಗೆ ನಾನು ಊಟ ಮಾಡಿಸಿದೆ. ಜ್ವರ ಬರಿಸಿದೆ, ಇಳಿಸಿದೆ, ಶಾಲೆಗೆ ಸೇರಿಸಿದೆ, ಸೋದರಮಾವನ ಮನೆಯಲ್ಲಿಟ್ಟೆ. ಗಂಡ ಒಂದು ದಿನ “ಇದೇನ್ ನಾಟಕ?” ಎಂದ. ನಾಟಕವೇ. ನಾನು ಕಾಲೇಜಿನಲ್ಲಿರುವ ಮಧ್ಯಾಹ್ನಗಳಲ್ಲಿ ಉತ್ತರ ಹೇಳಲು ಮೇಲಿನ ಮನೆಯವಳಿಗೆ ಕಲಿಸಿಕೊಟ್ಟಿದ್ದೆ. ಒಮ್ಮೊಮ್ಮೆ ಅವಳು ಮರೆತು ಬರದಿದ್ದರೆ ಅನ್ನ ಹಾಗೇ ಒಣಗಿರುತ್ತಿತ್ತು. ಎಲ್ಲೋ ನಿಜವಾಗಿ ಒಂದು ಮಗು ಇದ್ದಿದ್ದರೆ ಅದು ಉಂಡಿತೋ ಇಲ್ಲವೋ ಎಂದು ನಾನು ಒಮ್ಮೆಯೂ ವಿಚಾರಿಸಿದವಳಲ್ಲ. ಆದರೂ ಪ್ರತಿ ಸಲ ತಡವಿಲ್ಲದೆ ಹೇಳುತ್ತಿದ್ದೆ:

“ಉಂಡೈತ್ರಿ ಅತ್ತಿ. ಈಗಷ್ಟೆ ಉಂಡೈತಿ.”

“ಅಂಗಾದ್ರೆ ಬಡ್ಸು” ಎನ್ನುತ್ತಿದ್ದರು.